ಹರಳಿನಲ್ಲಿ ಸಿಕ್ಕ ಹೊಸ ಬಲ

"ಹರಳಿಗೆ ಒಂದು ಕಾರಿನ ದುಡ್ಡು, ನ್ಯೂಟ್ರಾನ್ ಕಿರಣ ಸಿಗೋಕೆ ಒಂದು ವರ್ಷ ಕಾದಿದ್ದು, ಈಗ ಈ ಕೇಕು. ಇದೊಂದೇ ನಮ್ಮ ಜೇಬಿಂದ ಹೋಗ್ತಿರೋದು."

ಬೇಕರಿಯ ಸಾಲಿನಲ್ಲಿ ನನ್ನ ಮುಂದೆ ಪಕ್ಕದ ಭೌತಶಾಸ್ತ್ರ ಪ್ರಯೋಗಾಲಯದ ಇಬ್ಬರು ಹೆಂಗಸರು ನಿಂತಿದ್ದರು. ಲೆಕ್ಕ ಹೇಳಿದವಳು ಹಿರಿಯಳು. ಕಿರಿಯವಳ ಮುಖ ಬಾಡಿತ್ತು.

"ಅಕ್ಕಾ, ಕೇಕು ಬೇಡ."

"ಯಾಕೇ? ಯಾರೂ ಕಾಣದ ಹೊಸ ಬಲ ಸಿಕ್ಕಿದೆ, ಹರಳೊಳಗೆ ನ್ಯೂಟ್ರಾನನ್ನ ಪಕ್ಕಕ್ಕೆ ಎಳೀತಿದೆ ಅಂತ ಸಂಜೆ ಸರ್ ಎಲ್ಲರ ಮುಂದೆ ಹೇಳ್ತಾರಲ್ಲ!"

"ಹರಳು ಬೀಳಬಾರದು ಅಂತ ಅದನ್ನ ಹಿಡಿದಿರೋ ಸ್ಕ್ರೂನ ನಾನು ಬಿಗಿ ಮಾಡಿದ್ದೆ."

"ಎಷ್ಟು?"

"ಚೆನ್ನಾಗೇ."

"ಅಯ್ಯೋ ನಿನ್ನ! ಹರಳು ಕಣ್ಣಿಗೆ ಕಾಣದಷ್ಟು ಬಾಗಿದ್ರೂ ನ್ಯೂಟ್ರಾನ್ ದಾರಿ ತಪ್ಪುತ್ತೆ ಕಣೇ."

"ನಿನ್ನೆ ಸಡಿಲ ಮಾಡಿ ನೋಡಿದೆ. ಬಲ ಮಾಯ."

"ಅಂದ್ರೆ ನಾವಿಷ್ಟು ದಿನ ಅಳೆದಿದ್ದು ನಿನ್ನ ಮಣಿಕಟ್ಟಿನ ಬಲ."

"ನಗಬೇಡಿ ಅಕ್ಕಾ. ನಾನು ಸೇರಿ ಇನ್ನೂ ವರ್ಷ ತುಂಬಿಲ್ಲ. ಕೆಲಸದಿಂದ ತೆಗೆದುಹಾಕ್ತಾರೆ."

"ಸಂಜೆ ಅವರು ಹೇಳಿದ್ಮೇಲೆ ಗೊತ್ತಾದ್ರೆ ಖಂಡಿತ ತೆಗೀತಾರೆ. ಈಗಲೇ ಸರ್‌ಗೆ ಫೋನ್ ಮಾಡು."

ಅವಳು ಮಾಡಿದಳು. ನಡೆದದ್ದನ್ನು ಎರಡೇ ಮಾತಿನಲ್ಲಿ ಹೇಳಿ, ಅವರ ಮಾತು ಕೇಳಿ ಫೋನ್ ಇಟ್ಟಳು.

"ಏನಂದ್ರು?"

"ಸಂಜೆ ನೀನೇ ಮಾತಾಡು, ಒಂದು ಸ್ಕ್ರೂ ಹೇಗೆ ಹೊಸ ಬಲದ ವೇಷ ಹಾಕುತ್ತೆ ಅಂತ ಎಲ್ಲರಿಗೂ ವಿವರಿಸು ಅಂದ್ರು."

"ಹಾಗಾದ್ರೆ ಕೆಲಸ ಉಳೀತು ಬಿಡು."

"ಮಾನ?"

"ಅದು ಸಂಜೆ ಆರಕ್ಕೆ ಹೋಗುತ್ತೆ. ನಡಿ, ತಯಾರಿ ಮಾಡೋಣ."

ಇಬ್ಬರೂ ಸಾಲು ಬಿಟ್ಟು ಹೊರಟರು. ಜಗತ್ತಿಗೆ ಹೊಸ ಬಲ ಸಿಗಲಿಲ್ಲ. ಆ ಹುಡುಗಿಯ ಕೆಲಸ ಉಳಿಯಿತು.