ಸೋಬಾನೆಗೆ ಅಪ್ಪಣೆ

ಮಳವಳ್ಳಿಯಲ್ಲಿ ಇದ್ದಿಲು ಗ್ಯಾಸಿನ ಬಸ್ಸಿಗೆ ಕಾಯುತ್ತ ಶಿವನಾಮ ನೆನೆಯುತ್ತಿದ್ದ ಕರಿಸಿದ್ದಯ್ಯನ ಕಿವಿ ಪಕ್ಕದ ಮಾತಿನತ್ತ ಹೊರಳಿತು. ಪೂರಿಗಾಲಿಯ ಮದುವೆಗೆ ಹಾಡಲು ಹೊರಟಿದ್ದ ಚಿಕ್ಕನಂಜಮ್ಮ, ತನ್ನ ಸೋಬಾನೆಗಳನ್ನು ಬರೆದುಕೊಂಡು ಹೋಗಿ ಅಚ್ಚು ಹಾಕಿಸಿದ್ದ ಮೈಸೂರಿನ ಕಾಲೇಜು ಮೇಷ್ಟ್ರನ್ನು ಹಿಡಿದು ನಿಲ್ಲಿಸಿದ್ದಳು.

“ಮೇಷ್ಟ್ರೆ, ನಿಮ್ಮ ಅಪ್ಪಣೆ ಇಲ್ದೆ ಯಾರೂ ಬಳಸ್ಬಾರದು ಅಂತ ಬುಕ್ಕಲ್ಲಿ ಆಕ್ಸಿದ್ದೀರಂತೆ. ಗಂಡಿನೋರು ಅದ್ನ ಓದಿ, ಸೋಬಾನೆ ಬ್ಯಾಡ ಅಂತವ್ರೆ. ನಾಳೆ ನಾನು ಪದ ಏಳಂಗಿಲ್ವಾ?”

“ಅದು ಕಾನೂನಮ್ಮ. ಪಾಠಕ್ಕೆ, ಸಂಶೋಧನೆಗೆ ಅಂತ ನಾಲ್ಕು ಸಾಲು ತಗೊಂಡ್ರೆ ತಪ್ಪಿಲ್ಲ.”

“ಅಂಗಾದ್ರೆ ಎಣ್ಣು ಅರ್ದ ಅಸೆಮಣೆ ಮೇಲೆ ಕೂತ್ಕತಾಳೆ ಬುಡಿ. ನಾನು ಒಂದು ಸಾಲು ಅಂದ್ರೆ ನನ್ ಇಂದೆ ಕೂತಿರೋ ಎಂಗಸ್ರೆಲ್ಲ ಅದ್ನೇ ಅಂತಾರೆ. ಅವರ್ನೂ ಜೈಲಿಗೆ ಆಕ್ಸಿ.”

“ಹೋಗಿ ಹಾಡಿ. ನಾನೇ ಅಪ್ಪಣೆ ಕೊಟ್ಟೆ ಅನ್ನಿ.”

“ಎಂಥಾ ದೊಡ್ಡ ಮನ್ಸು! ನನ್ ಪದಾನ ನಂಗೇ ದಾನ ಕೊಟ್ರಲ್ಲ.”

“ಅದಿರಲಿ, ಧಾರೆ ಹಾಡಿನ ಕೊನೆ ನನ್ನ ಹತ್ತಿರ ಇಲ್ಲ. ಮುಂದಿನ ಪುಸ್ತಕಕ್ಕೆ ಬೇಕಿತ್ತು.”

“ಅದು ನಮ್ಮವ್ವಂದು. ಅವಳ ಅಪ್ಪಣೆ ತನ್ನಿ.”

“ಎಲ್ಲಿದ್ದಾರೆ?”

“ನಮ್ಮೊಲದಲ್ಲೇ ಮಣ್ಣಾಗವ್ಳೆ. ಜೋರಾಗಿ ಕೂಗಿ, ವಸಿ ಕಿವಿ ಮಂದ.”

ಬಸ್ಸು ಬಂತು. ಚಿಕ್ಕನಂಜಮ್ಮ ಹತ್ತಿದವಳೇ ಕಿಟಕಿಯ ಬಳಿ ಕೂತು ಧಾರೆ ಹಾಡನ್ನೇ ಎತ್ತಿಕೊಂಡಳು. ಕೆಳಗೇ ನಿಂತಿದ್ದ ಮೇಷ್ಟ್ರು ಗಡಬಡಿಸಿ ಜೇಬಿನಲ್ಲಿ ಪೆನ್ಸಿಲು ತಡಕಿದರು. ಕೊನೆಯ ಸಾಲು ಬರುವ ಹೊತ್ತಿಗೆ ಬಸ್ಸು ತಿರುವು ದಾಟಿತ್ತು.