ಡಾಕ್ಟರಮ್ಮನ ಕೋಟಿನ ಕೊನೇ ಗುಂಡಿ

ನಗು, ನಗು... ಕಟ್ಟಿಕೊಂಡ ಗಂಡನ ಕಾಲಿನ ಹೆಬ್ಬೆರಳು ಬದನೆಕಾಯಿ ಥರ ಊದಿದೆ, ನಿನಗೆ ನಗು! ಏಯ್, ಆ ಬಟ್ಟೆ ಕಾಲಿಗೆ ತಾಗಿಸಬೇಡ್ವೇ... ಅಯ್ಯಯ್ಯಪ್ಪಾ! ಫ್ಯಾನಿನ ಗಾಳಿ ತಾಕಿದ್ರೂ ಪ್ರಾಣ ಹೋಗುತ್ತೆ ಕಣೇ ಈ ಹಾಳು ಗೌಟು ಕೀಲುನೋವಿಗೆ.

ಏನು ಹಾಗೆ ನೋಡ್ತೀಯಾ? ಇಂಥ ಕಾಲಲ್ಲಿ ಬೆಳಿಗ್ಗೆಯಿಂದ ಹೊಲಿಗೆ ಮಿಷನ್ ಹೇಗೆ ತುಳಿದೆ ಅಂತಲಾ? ಬೆಳಿಗ್ಗೆ ಕಮ್ಮಿಯಿತ್ತು. ಯಾಕೆ ಅಂದ್ರೆ... ಕಮ್ಮಿಯಿತ್ತಪ್ಪ, ಅಷ್ಟೇ! ಅದಕ್ಕೂ ಕಾರಣ ಹೇಳಬೇಕಾ? ನೀನು ಕೆಲಸ ನೋಡು. ನಾಲ್ಕು ಗುಂಡಿ ಹಾಕಿದೀನಿ, ಕೊನೇದೊಂದು ನೀನು ಹಾಕಿಬಿಟ್ರೆ ಕೋಟು ಮುಗೀತು. ನಾಳೆ ತೋರಿಸ್ಕೊಳ್ಳೋಕೆ ಹೋದಾಗ ಡಾಕ್ಟರಮ್ಮನ ಕೈಗೇ ಕೊಡ್ತೀನಿ.

ಆ ತಾಯಿಗೆ ಎಷ್ಟು ಕೋಟು ಹೊಲಿದ್ರೂ ಋಣ ತೀರಲ್ಲ ಬಿಡು. ಹತ್ತು ದಿನದ ಹಿಂದೆ ಇದೇ ಮಿಷನ್ ಪಕ್ಕ ರಕ್ತ ಕಾರಿಕೊಂಡು ಬಿದ್ದಿದ್ನಲ್ಲ! ಬಾಯಿಂದ ಪೈಪು ಇಳಿಸಿ, ಹೊಟ್ಟೇಲಿದ್ದ ಹುಣ್ಣಿಗೆ ಕ್ಲಿಪ್ಪು ಹಾಕಿ ರಕ್ತ ನಿಲ್ಲಿಸಿದ್ರು. ಕತ್ತಲೆ ಹೊಟ್ಟೆಯೊಳಗೆ ಅಷ್ಟು ನಾಜೂಕು ಕೈಕೆಲಸ! ಆದ್ರೆ ಅವರ ಕೋಟು ನೋಡಿದ್ಯಾ? ಜೇಬು ಹರಿದು ಜೋತಾಡ್ತಿತ್ತು. ಮಲಗಿದ್ದಲ್ಲೇ ಕಣ್ಣಲ್ಲೇ ಅಳತೆ ತಗೊಂಡೆ!

ಹೂಂ, ಹೂಂ, ಗೊತ್ತು. ಬೆರಳು ತೋರಿಸಬೇಡ. ಅವರು ಹೇಳಿದ್ದು ನನಗೂ ನೆನಪಿದೆ. "ನೋವಿನ ಮಾತ್ರೆ ನುಂಗಿ ನುಂಗಿಯೇ ಹೊಟ್ಟೆ ಹುಣ್ಣಾಗಿದೆ, ಇನ್ನು ಅದನ್ನ ಮುಟ್ಟಲೇಬೇಡಿ. ಬೆರಳು ಮತ್ತೆ ಊದಿದ್ರೆ ತಕ್ಷಣ ಬನ್ನಿ, ಹೊಟ್ಟೆಗೆ ಹೊಂದೋ ಬೇರೆ ಔಷಧಿ ಕೊಡ್ತೀನಿ. ಬೇಕಾದ್ರೆ ಕೀಲಿಗೇ ಒಂದು ಇಂಜೆಕ್ಷನ್ ಹಾಕ್ತೀನಿ." ಕೀಲಿಗೇ! ಈ ಬೆರಳಿಗೆ!

ನಗಬೇಡ ಕಣೇ! ಮೂವತ್ತು ವರ್ಷ ಸೂಜಿ ಹಿಡಿದವನಿಗೆ ಸೂಜಿ ಅಂದ್ರೆ ಭಯ ಅಂತ ಬೀದಿಗೆಲ್ಲಾ ಸಾರ್ತೀಯಾ ಈಗ? ಹೌದು, ಭಯ! ಚುಚ್ಚೋದು ಬೇರೆ, ಚುಚ್ಚಿಸ್ಕೊಳ್ಳೋದು ಬೇರೆ.

ಏಯ್, ಏಯ್... ಆ ಡಬ್ಬಿ ಯಾಕೆ ತೆಗೆದೆ? ಹಸಿರು ಡಬ್ಬೀಲಿರೋದು ಹಳೇ ಗುಂಡಿ, ಅದರಲ್ಲಿ ಕೈಹಾಕಬೇಡ. ಬಿಳಿದಾ? ಬಿಳಿದು ಈ ಡ್ರಾಯರಲ್ಲಿದೆ, ತಾಳು, ನಾನೇ... ಅಮ್ಮಾ! ಏಳೋಕಾಗ್ತಿಲ್ಲ. ಸರಿ, ತಗೋ, ಯಾವುದೋ ಒಂದು ತಗೊಂಡು ಹೊಲಿ. ಕನ್ನಡಕ ಹಾಕ್ಕೋ ಮಾರಾಯ್ತಿ. ಬೇಡ, ಹಾಕ್ಕೋಬೇಡ! ಕಣ್ಣು ನೋವು ಅಂತಿದ್ದೆ ಅಲ್ವಾ...

ಆಮೇಲೆ ಗೊತ್ತಾ, ಡಾಕ್ಟರಮ್ಮ ಈ ಕೋಟು ಹಾಕ್ಕೊಂಡು ವಾರ್ಡಲ್ಲಿ ಓಡಾಡ್ತಿದ್ರೆ ನರ್ಸುಗಳೆಲ್ಲಾ ನಮ್ಮಂಗಡಿ ಮುಂದೆ ಸಾಲು ನಿಲ್ತಾರೆ ನೋಡ್ತಿರು! ಆಗ ನೀನು... ಏನಾಯ್ತು? ಯಾಕೆ ಸೂಜಿ ಹಂಗೇ ಹಿಡಿದು ಕೂತೆ?

ಅದು... ಅದಕ್ಕೆ ತೂತಿಲ್ಲ ಅಲ್ವಾ.

ಏನಾದ್ರೂ ಅನ್ನೇ. ಬೈಯಿ. ಕತ್ತರಿ ತಗೊಂಡು ಎಸಿ ಬೇಕಾದ್ರೆ. ಕೈಮುಗೀತೀನಿ ಕಣೇ.

ಆ ಡಬ್ಬೀಲಿ ಬಚ್ಚಿಟ್ಟಿದ್ದ ಮಾತ್ರೇಲಿ ನುಂಗಿದ್ದು ಎರಡೇ ಎರಡು ಕಣೇ. ನಿನ್ನೆ ಒಂದು, ಬೆಳಿಗ್ಗೆ ಒಂದು. ಮಿಷನ್ ತುಳೀಬೇಕಿತ್ತಲ್ಲ! ಡಾಕ್ಟರಮ್ಮನ ಕೋಟು ಮುಗಿಸೋಕೆ ಡಾಕ್ಟರಮ್ಮ ಬೇಡ ಅಂದ ಮಾತ್ರೆ ನುಂಗಿದೆ. ಎಂಥ ಬುದ್ಧಿವಂತ ನಿನ್ನ ಗಂಡ, ಅಲ್ವಾ? ನಗು ಈಗ...

ನಗ್ತಿಲ್ಲ ನೀನು.

ಇನ್ನೊಂದು ವಿಷಯ ಇದೆ. ಹೇಳಬಾರದು ಅಂತಿದ್ದೆ, ಮತ್ತೆ ಅಲ್ಲಿ ಮಲಗಿಸ್ತಾರೇನೋ ಅಂತ. ಮಧ್ಯಾಹ್ನ ಕಕ್ಕಸಿಗೆ ಹೋದಾಗ... ಕಪ್ಪಗೆ ಹೋಯ್ತು. ಡಾಂಬರಿನ ಥರ. ಆವತ್ತು ಬೀಳೋಕೆ ಮುಂಚೆ ಹೋಗಿತ್ತಲ್ಲ, ಹಂಗೇ.

ಹೂಂ, ಫೋನ್ ಮಾಡು. ಗಾಡಿ ಕರಿ. ಅಳಬೇಡ ಕಣೇ, ನಾನು ಎಲ್ಲೂ ಹೋಗಲ್ಲ. ಬೆರಳಿಗೆ ಬೇಕಾದ್ರೆ ನಾಲ್ಕು ಸೂಜಿ ಚುಚ್ಚಲಿ, ಕಮಕ್ ಕಿಮಕ್ ಅನ್ನಲ್ಲ, ನಿನ್ನಾಣೆ.

ಆ ಕೋಟು ಮಡಚಿ ಇಟ್ಕೋ ಮತ್ತೆ. ಹೆಂಗೂ ಈಗಲೇ ಹೋಗ್ತಿದ್ದೀವಲ್ಲ... ಒಂದು ಗುಂಡಿ ಬಾಕಿ ಇದೆ, ಅದನ್ನ ಹಾಕಿಕೊಡೋಕೆ ನಾನು ಹುಷಾರಾಗಿ ವಾಪಸ್ ಬರಲೇಬೇಕು ಅಂತ ನೀನೇ ಅವರಿಗೆ ಹೇಳು.