ಎಲ್ಲವೂ ಒಂದನೇ ಪೆಟ್ಟಿಗೆಯಲ್ಲಿ

ಬೇಸಿಗೆಯ ಸಂಜೆ, ಬಸ್ ನಿಲ್ದಾಣದಲ್ಲಿ ನನ್ನ ಪಕ್ಕ ಗ್ರಂಥಾಲಯದ ಇಬ್ಬರು ಹೆಂಗಸರು ಕೂತಿದ್ದರು. ಅವರ ಪುಸ್ತಕಗಳೆಲ್ಲ ಹೊಸ ಕಟ್ಟಡಕ್ಕೆ ಹೋಗಲು ಪೆಟ್ಟಿಗೆ ಸೇರಿದ್ದವಂತೆ. ಕಿರಿಯಳು ಅಳುತ್ತಿದ್ದಳು.

"ಕಂಪ್ಯೂಟರ್ ಪಟ್ಟಿಲಿ ಕಥೆ ಪುಸ್ತಕಗಳಿಗಷ್ಟೇ ಒಟ್ಟಿಗೆ ಪೆಟ್ಟಿಗೆ ನಂಬರ್ ಹಾಕೋಕೆ ಹೋದೆ ಅಕ್ಕ. ಎಲ್ಲಾ ಪುಸ್ತಕಕ್ಕೂ ಟಿಕ್ ಬಿದ್ದಿದ್ದು ನೋಡ್ಲಿಲ್ಲ. ಈಗ ಎಲ್ಲವೂ ಒಂದನೇ ಪೆಟ್ಟಿಗೆಲಿದೆ ಅಂತಿದೆ ಕಂಪ್ಯೂಟರ್."

"ಇಡೀ ಗ್ರಂಥಾಲಯ ಒಂದೇ ಪೆಟ್ಟಿಗೆಲಾ! ಹೊರೋನು ಬದುಕ್ಕೊಂಡ ಬಿಡು. ಬ್ಯಾಕಪ್ ಇದ್ಯಲ್ಲೇ?"

"ನೀವು ಹೇಳ್ಕೊಟ್ಟ ಹಾಗೆ ಕೆಲ್ಸ ಮುಗಿದ ತಕ್ಷಣ ತಗೊಂಡೆ. ಅದು ಹಳೇ ಬ್ಯಾಕಪ್ ಮೇಲೇ ಕೂತು, ಹಳೇದು ಅಳಿಸೇ ಹೋಯ್ತು."

"ನಾನು ಮಾಡಿದ್ದು ಅಂತ ಹೇಳ್ಬಿಡು. ಹೇಗೂ ನಾಳೆ ರಿಟೈರ್ ಆಗ್ತೀನಿ."

"ಬೈಸ್ಕೊಳ್ಳೋರು ಯಾರಾದ್ರೇನು ಅಕ್ಕ, ಯಾವ ಪುಸ್ತಕ ಎಲ್ಲಿದೆ ಅಂತ ನೋಡೋಕೆ ಅಷ್ಟೂ ಪೆಟ್ಟಿಗೆ ಬಿಚ್ಚೋಳು ನಾನೊಬ್ಬಳೇ."

ಬಸ್ಸು ಬಂದಾಗ ಹಿರಿಯಳು ಹತ್ತಿ ಹೋದಳು. ಕಿರಿಯಳು ಕಣ್ಣೊರೆಸಿಕೊಂಡು ಗ್ರಂಥಾಲಯದ ಕಡೆಗೇ ಹಿಂತಿರುಗಿದಳು.